ಊರ ಹೆಸರು ಹೊತ್ತ ತಂಡಗಳು: ಅಳಿವು, ವಲಸೆ ಮತ್ತು ಪಟ್ಟಿಯ ಮಿತಿ

ಕ್ರೀಡಾ ತಂಡವೊಂದು ಸಾಯುವುದು ಹೇಗೆ, ಊರು ಬಿಡುವುದು ಹೇಗೆ ಎಂಬ ಪ್ರಶ್ನೆಯನ್ನು ಇತಿಹಾಸದ ಅಧ್ಯಾಪಕರು ಗಂಭೀರವಾಗಿ ಎತ್ತಿಕೊಂಡದ್ದು ನಮ್ಮಲ್ಲಿ ಕಡಿಮೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ರಾಜ್ಯವನ್ನು ಆರಿಸಿಕೊಂಡು, ಅಲ್ಲಿ ಹುಟ್ಟಿ ಅಳಿದ ವೃತ್ತಿಪರ ತಂಡಗಳಾವುವು, ಅಲ್ಲಿಂದ ಬೇರೆ ನಗರಗಳಿಗೆ ತೆರಳಿದವಾವುವು ಎಂದು ಪಟ್ಟಿ ಮಾಡುವ ರೂಢಿ ಬಲವಾಗಿದೆ. ತಂಡದ ಹೆಸರು, ಆಡಿದ ಆಟ, ಹುಟ್ಟಿದ ವರ್ಷ, ಅಳಿದ ಅಥವಾ ತೆರಳಿದ ವರ್ಷ, ಹೋದ ಊರು—ಇಷ್ಟು ಅಂಕಣಗಳಿದ್ದರೆ ಪಟ್ಟಿ ಮುಗಿಯಿತು. ಕರ್ನಾಟಕದ ತಂಡಗಳಿಗೂ ಇಂಥದೊಂದು ಪಟ್ಟಿ ಬೇಕೆಂಬ ಮಾತು ಇತ್ತೀಚೆಗೆ ವಿದ್ಯಾರ್ಥಿಗಳ ನಡುವೆ ಕೇಳಿಬರುತ್ತಿದೆ. ಬೇಕೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅಮೆರಿಕದ ಅಂಕಣಗಳನ್ನು ಹಾಗೆಯೇ ತಂದು ನಮ್ಮ ನೆಲದ ಮೇಲೆ ಹಾಸಿದರೆ ಏನು ಒಳಗೆ ಬರುತ್ತದೆ, ಏನು ಹೊರಗೆ ಉಳಿಯುತ್ತದೆ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಪ್ರಕೃತ ಲೇಖನದ ಉದ್ದೇಶ ಅಷ್ಟೇ. ಪರೀಕ್ಷೆಗೆ ನಾವು ಒಡ್ಡಿಕೊಂಡ ನೆಲ ಬೆಳಗಾವಿ ಜಿಲ್ಲೆಯ ಉತ್ತರದ ಅಂಚು, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆ.

ಆ ಪಟ್ಟಿ ತನ್ನ ತವರಿನಲ್ಲಿಯೇ ಎಷ್ಟರಮಟ್ಟಿಗೆ ಗಟ್ಟಿಯಾಗಿ ನಿಲ್ಲುತ್ತದೆಂಬುದನ್ನು ಮೊದಲು ನೋಡೋಣ. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡ 1957ರ ಋತು ಮುಗಿದ ಮೇಲೆ ಲಾಸ್ ಏಂಜಲೀಸಿಗೆ ತೆರಳಿತು. ಅದು ಆಡುತ್ತಿದ್ದ ಎಬೆಟ್ಸ್ ಫೀಲ್ಡ್ ಮೈದಾನವನ್ನು 1960ರಲ್ಲಿ ಕೆಡವಿದರು. ಇದು ನೇರವಾದ ವಲಸೆ. ಅಂಕಣದಲ್ಲಿ ತೊಡಕಿಲ್ಲದೆ ಕೂರುತ್ತದೆ. ಮಿನಿಯಾಪೊಲಿಸಿನ ಲೇಕರ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡ 1960ರಲ್ಲಿ ಅದೇ ಲಾಸ್ ಏಂಜಲೀಸಿಗೆ ಬಂತು. ಮಿನೆಸೋಟ ರಾಜ್ಯ ಸರೋವರಗಳ ನಾಡು, ಆದ್ದರಿಂದ ಆ ಹೆಸರು. ಹೊಸ ಊರಿನಲ್ಲಿ ಹೇಳಿಕೊಳ್ಳುವಂಥ ಸರೋವರಗಳಿಲ್ಲ, ಹೆಸರು ಮಾತ್ರ ಉಳಿಯಿತು. ಇಲ್ಲಿಯವರೆಗೂ ಪಟ್ಟಿ ನಡೆಯುತ್ತದೆ. ಕ್ಲೀವ್‌ಲೆಂಡ್ ಬ್ರೌನ್ಸ್ ಎಂಬ ತಂಡದ ಬಳಿ ಬಂದಾಗ ಮಾತ್ರ ಅದು ಎಡವುತ್ತದೆ. 1995ರಲ್ಲಿ ಆ ತಂಡದ ಒಡೆಯ ಅದನ್ನು ಬಾಲ್ಟಿಮೋರಿಗೆ ಒಯ್ಯುವುದಾಗಿ ಸಾರಿದ. ನಗರ ವ್ಯಾಜ್ಯ ಹೂಡಿತು. 1996ರಲ್ಲಿ ಆದ ಒಪ್ಪಂದದಂತೆ ಆಟಗಾರರೂ ಸಿಬ್ಬಂದಿಯೂ ಬಾಲ್ಟಿಮೋರಿಗೆ ಹೋಗಿ ಹೊಸ ಹೆಸರು ಪಡೆದರು. ಹಳೆಯ ಹೆಸರು, ಬಣ್ಣ, ಗೆಲುವು ಸೋಲುಗಳ ದಾಖಲೆ ಕ್ಲೀವ್‌ಲೆಂಡಿನಲ್ಲಿಯೇ ಉಳಿದವು. 1999ರಲ್ಲಿ ಆ ಹೆಸರಿನಡಿಯಲ್ಲಿ ಹೊಸ ತಂಡವೊಂದನ್ನು ಕಟ್ಟಿದರು. ಹಾಗಾದರೆ ತೆರಳಿದ್ದು ಯಾವುದು, ಉಳಿದದ್ದು ಯಾವುದು? ದೇಹ ಒಂದು ಕಡೆ, ಚರಿತ್ರೆ ಒಂದು ಕಡೆ. ಒಂದು ನಗರ ತನ್ನ ತಂಡದ ಚರಿತ್ರೆಯನ್ನು ಆಸ್ತಿಯೆಂದು ಭಾವಿಸಿ ನ್ಯಾಯಾಲಯದಲ್ಲಿ ಹೋರಾಡಿತೆಂಬುದನ್ನು ಓದುಗರು ಗಮನದಲ್ಲಿಡಬೇಕು. ಈ ಮಾತಿನ ಅಗತ್ಯ ಮುಂದೆ ಬೀಳಲಿದೆ.

ಈಗ ನಮ್ಮ ನಾಡಿಗೆ ಬರೋಣ. ಕರ್ನಾಟಕದಲ್ಲಿ ಊರಿನ ಹೆಸರಿಟ್ಟು, ಖಾಸಗಿ ಒಡೆತನಕ್ಕೆ ಕೊಟ್ಟು, ಹರಾಜಿನಲ್ಲಿ ಆಟಗಾರರನ್ನು ಹಂಚಿಕೊಂಡು ನಡೆಸಿದ ತಂಡಗಳ ಸಾಲಿನಲ್ಲಿ ಮುಖ್ಯವಾದುದು ಕರ್ನಾಟಕ ಪ್ರೀಮಿಯರ್ ಲೀಗ್. ರಾಜ್ಯದ ಕ್ರಿಕೆಟ್ ಸಂಸ್ಥೆ ಇದನ್ನು 2009ರಲ್ಲಿ ಆರಂಭಿಸಿತು. ನಡುವೆ ಕೆಲವು ವರ್ಷ ನಿಂತುಹೋಗಿ 2014ರಲ್ಲಿ ಮತ್ತೆ ಚಿಗುರಿತು; 2019ರ ನಂತರ ಅದು ಮತ್ತೆ ನಡೆಯಲಿಲ್ಲ. ಈ ಅವಧಿಯಲ್ಲಿ ಬಂದುಹೋದ ಹೆಸರುಗಳು ಒಂದಲ್ಲ ಎರಡಲ್ಲ: ದಾವಣಗೆರೆಯ ಡೈಮಂಡ್ಸ್, ಮಲೆನಾಡಿನ ಗ್ಲಾಡಿಯೇಟರ್ಸ್, ಮಂಗಳೂರು ಯುನೈಟೆಡ್, ಬಳ್ಳಾರಿ ಟಸ್ಕರ್ಸ್, ನಮ್ಮ ಶಿವಮೊಗ್ಗ, ಬಿಜಾಪುರ ಬುಲ್ಸ್, ಬೆಳಗಾವಿ ಪ್ಯಾಂಥರ್ಸ್. ಒಮ್ಮೆ ಚಲನಚಿತ್ರ ನಟರೇ ಸೇರಿ ಕಟ್ಟಿದ ರಾಕ್‌ಸ್ಟಾರ್ಸ್ ಎಂಬ ತಂಡವೂ ಕಣಕ್ಕಿಳಿಯಿತು. ಅದಕ್ಕೆ ಊರೇ ಇರಲಿಲ್ಲ. ಊರೇ ಇಲ್ಲದ ತಂಡ ಊರು ಬಿಡುವ ಪ್ರಶ್ನೆ ಏಳುವುದಿಲ್ಲವಾದ್ದರಿಂದ ಪಟ್ಟಿಕಾರನಿಗೆ ಅದೊಂದು ನೆಮ್ಮದಿ.

2017ರ ಅಂತಿಮ ಪಂದ್ಯ ನಮ್ಮ ಪರೀಕ್ಷೆಗೆ ಹೇಳಿಮಾಡಿಸಿದಂತಿದೆ. ಆ ವರ್ಷ ಪಂದ್ಯಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನಡೆದವು. ಹುಬ್ಬಳ್ಳಿಯ ಕೊನೆಯ ಪಂದ್ಯದಲ್ಲಿ ಎದುರಾದವು ಬೆಳಗಾವಿ ಪ್ಯಾಂಥರ್ಸ್ ಮತ್ತು ಬಿಜಾಪುರ ಬುಲ್ಸ್. ಬೆಳಗಾವಿ ಗೆದ್ದಿತು. ಬಿಜಾಪುರದ ತಂಡವೇನೂ ಸಾಮಾನ್ಯವಲ್ಲ. 2015ರಲ್ಲಿ ಅದು ಗೆದ್ದಿತ್ತು, ಮುಂದೆ 2018ರಲ್ಲಿ ಮತ್ತೆ ಗೆದ್ದಿತು. ಆ ದಿನ ಅಥಣಿ ತಾಲೂಕಿನ ಸತ್ತಿಯಂಥ ಒಂದು ಗ್ರಾಮದಲ್ಲಿ ಆಟ ನೋಡುತ್ತಿದ್ದ ತರುಣ ಯಾವ ತಂಡವನ್ನು ತನ್ನದೆನ್ನಬೇಕಿತ್ತು? ಕಂದಾಯದ ಕಾಗದಪತ್ರಗಳಲ್ಲಿ ಅವನು ಬೆಳಗಾವಿ ಜಿಲ್ಲೆಯವನು. ಆದರೆ ಅಥಣಿಯಿಂದ ಬೆಳಗಾವಿಗೆ ಇರುವ ದೂರದ ಸುಮಾರು ಅರ್ಧದಷ್ಟು ದಾರಿ ನಡೆದರೆ ವಿಜಯಪುರ ಸಿಕ್ಕುತ್ತದೆ. ಆಸ್ಪತ್ರೆಗೆಂದು ಹೊರಟರೆ ಇನ್ನೂ ಹತ್ತಿರದ ಮೀರಜ, ಸಾಂಗಲಿ. ಜಿಲ್ಲಾ ಕೇಂದ್ರಕ್ಕೆ ಹೋಗುವುದು ಕೆಲಸ ಬಿದ್ದಾಗ ಮಾತ್ರ. ಊರಿನ ಹೆಸರಿನಿಂದ ಹುಟ್ಟಬೇಕಾದ ಅಭಿಮಾನ ಇಲ್ಲಿ ಎರಡು ಹೋಳಾಗುತ್ತದೆ, ಅಥವಾ ಹುಟ್ಟುವುದೇ ಇಲ್ಲ.

ಇದಕ್ಕೆ ಆಕ್ಷೇಪವೊಂದನ್ನು ಎತ್ತಬಹುದು. ಗಡಿಯ ಊರುಗಳಿಗೆ ಇಂಥ ಇಬ್ಬಂದಿತನ ಎಲ್ಲೆಡೆಯೂ ಉಂಟು, ಅದನ್ನೇ ಹಿಡಿದು ತಂಡವನ್ನು ದೂರುವುದು ನ್ಯಾಯವಲ್ಲ ಎನ್ನಬಹುದು. ಒಪ್ಪೋಣ. ಆದರೆ ಬೆಳಗಾವಿ ನಗರದವನೇ ಆದರೂ ತನ್ನ ತಂಡವನ್ನು ತನ್ನೂರಿನಲ್ಲಿ ಕಾಣುವ ಭಾಗ್ಯ ಅವನಿಗೆ ಆ ವರ್ಷ ಇರಲಿಲ್ಲ. ಬೆಳಗಾವಿಯಲ್ಲಿ ಮೈದಾನವಿಲ್ಲವೆಂದು ಯಾರೂ ಹೇಳುವಂತಿಲ್ಲ. 2019ರಲ್ಲಿ ಭಾರತದ 'ಎ' ತಂಡ ಶ್ರೀಲಂಕಾದ 'ಎ' ತಂಡವನ್ನು ಎದುರಿಸಿದ್ದು ಅದೇ ಊರಿನ ರಾಜ್ಯ ಸಂಸ್ಥೆಯ ಮೈದಾನದಲ್ಲಿ. ಬೆಳಗಾವಿ ಪ್ಯಾಂಥರ್ಸ್ ಪ್ರಶಸ್ತಿಯನ್ನೆತ್ತಿದ್ದು ಮಾತ್ರ ಹುಬ್ಬಳ್ಳಿಯಲ್ಲಿ. ಆದ್ದರಿಂದ ಅದು ಬೆಳಗಾವಿಯಿಂದ ತೆರಳಿತೆಂದು ಬರೆಯುವಂತಿಲ್ಲ, ಬೆಳಗಾವಿಯಲ್ಲಿ ಅಳಿಯಿತೆಂದೂ ಬರೆಯುವಂತಿಲ್ಲ. ಅಮೆರಿಕದ ಪಟ್ಟಿ ತಂಡವು ಒಂದು ಊರಿನಲ್ಲಿ ಇತ್ತು ಎಂಬುದನ್ನು ಕೇಳದೆಯೇ ಒಪ್ಪಿಕೊಂಡು ಹೊರಡುತ್ತದೆ. ನಮ್ಮಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಹೆಸರಿನ ವಿಷಯದಲ್ಲಿ ಇನ್ನೊಂದು ಸ್ವಾರಸ್ಯವಿದೆ. 2014ರ ನವೆಂಬರ್ 1ರಂದು ಸರ್ಕಾರ ರಾಜ್ಯದ ಹನ್ನೆರಡು ನಗರಗಳ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ತಿರುಗಿಸಿತು. ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಇಂಗ್ಲಿಷಿನ ಹುಬ್ಳಿ ಹುಬ್ಬಳ್ಳಿಯಾಯಿತು. ಆದರೂ 2015ರಲ್ಲಿ ಗೆದ್ದ ತಂಡ ಬಿಜಾಪುರದ್ದೇ, 2018ರಲ್ಲಿಯೂ ಹಾಗೆಯೇ. ಲೀಗ್ ನಿಂತು 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಪಂದ್ಯಾವಳಿ ಬಂದಾಗಲೂ ಮೊದಲ ಪ್ರಶಸ್ತಿ ಗಳಿಸಿದ್ದು ಗುಲ್ಬರ್ಗ ಮಿಸ್ಟಿಕ್ಸ್, 2023ರದ್ದು ಹುಬ್ಳಿ ಟೈಗರ್ಸ್. ಪ್ರಾಸಕ್ಕಾಗಿ ಬಿಜಾಪುರದ ಜೊತೆ ಬುಲ್ಸ್ ಬೇಕಿತ್ತೆಂದು ಯಾರಾದರೂ ಸಮರ್ಥಿಸಿಯಾರು. ಗುಲ್ಬರ್ಗಕ್ಕೆ ಆ ನೆವವೂ ಇಲ್ಲ. ರಾಜ್ಯಪತ್ರದಲ್ಲಿ ಇಲ್ಲದ ಊರಿನ ಹೆಸರನ್ನು ಹೊತ್ತು ತಂಡವೊಂದು ಗೆಲ್ಲುತ್ತದೆಂದರೆ ಆ ಹೆಸರು ಊರನ್ನು ಸೂಚಿಸುವುದಕ್ಕಿಂತ ಹೆಚ್ಚಾಗಿ ಸರಕಿನ ಗುರುತಿನಂತೆ ಕೆಲಸ ಮಾಡುತ್ತಿತ್ತೆಂದೇ ನಾವು ತಿಳಿಯಬೇಕಾಗುತ್ತದೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ನಮ್ಮ ಮನೆಯಲ್ಲಿಯೇ ಇದೆ. ಮೈಸೂರು ರಾಜ್ಯದ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1933ರಲ್ಲಿ. ಮರುವರ್ಷದ ನವೆಂಬರಿನಲ್ಲಿ ಮದರಾಸಿನ ಚೆಪಾಕಿನಲ್ಲಿ ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯವನ್ನು ಆಡಿ ಒಂದೇ ದಿನದಲ್ಲಿ ಸೋತುಬಂದದ್ದು ಈ ಮೈಸೂರು ತಂಡ. 1973ರಲ್ಲಿ ರಾಜ್ಯ ಕರ್ನಾಟಕವಾದಾಗ ಸಂಸ್ಥೆಯೂ ಹೆಸರು ಬದಲಾಯಿಸಿಕೊಂಡಿತು. 1973-74ರ ಋತುವಿನಲ್ಲಿ ತಂಡ ಮೊದಲ ಬಾರಿಗೆ ರಣಜಿ ಟ್ರೋಫಿಯನ್ನು ಗೆದ್ದಿತು. ಹೆಸರು ಅಳಿಯಿತು, ತಂಡ ಅಳಿಯಲಿಲ್ಲ. ಯಾವ ಪಟ್ಟಿಕಾರನೂ ಮೈಸೂರನ್ನು ಅಳಿದ ತಂಡಗಳ ಸಾಲಿಗೆ ಸೇರಿಸುವುದಿಲ್ಲ. ಇಂದೂರಿನ ಹೋಳ್ಕರ್ ತಂಡದ ಗತಿ ಬೇರೆ. 1945-46ರಿಂದ 1952-53ರ ನಡುವೆ ನಾಲ್ಕು ಬಾರಿ ರಣಜಿ ಗೆದ್ದ ಆ ತಂಡ ಸಂಸ್ಥಾನದ ಆಸರೆಯಿಂದ ಬೆಳೆದದ್ದು. ಸಂಸ್ಥಾನ ವಿಲೀನವಾಗಿ ಕೆಲವು ವರ್ಷ ಕಳೆದ ಮೇಲೆ, 1950ರ ದಶಕದ ನಡುವೆ, ಆ ಹೆಸರು ಪಂದ್ಯಾವಳಿಯಿಂದ ಮರೆಯಾಯಿತು. ಅದರ ನೆಲದ ವಾರಸುದಾರನಾದ ಮಧ್ಯಪ್ರದೇಶ 2022ರಲ್ಲಿ ರಣಜಿ ಗೆದ್ದಾಗ ಪತ್ರಿಕೆಗಳು ಅದನ್ನು ಮೊದಲ ಗೆಲುವೆಂದೇ ಬರೆದವು. ಹೋಳ್ಕರರ ನಾಲ್ಕು ಗೆಲುವುಗಳು ಯಾರಿಗೂ ಸೇರದೆ ಉಳಿದವು. ಒಂದು ಕಡೆ ಚರಿತ್ರೆ ಹೊಸ ಹೆಸರಿಗೆ ದಾಟಿಕೊಂಡಿತು, ಇನ್ನೊಂದು ಕಡೆ ದಾಟಲಿಲ್ಲ. ದಾಟಿಸುವ ಸಂಸ್ಥೆ ಜೀವಂತವಾಗಿತ್ತೇ ಇಲ್ಲವೇ ಎಂಬುದೇ ಇಲ್ಲಿ ನಿರ್ಣಾಯಕವೆಂದು ನಮ್ಮ ಅಭಿಪ್ರಾಯ.

ಬೆಳಗಾವಿ ಪ್ಯಾಂಥರ್ಸ್ ತಂಡಕ್ಕೆ ಅಂಥ ಸಂಸ್ಥೆ ಇರಲಿಲ್ಲ, ಒಡೆಯನಿದ್ದ. 2019ರ ಪಂದ್ಯಾವಳಿ ಮುಗಿದ ಮೇಲೆ ಬೆಂಗಳೂರಿನ ಪೊಲೀಸರು ಪಂದ್ಯಗಳ ಮೋಸದಾಟದ ಬಗ್ಗೆ ತನಿಖೆಗಿಳಿದರು. ಬೆಳಗಾವಿ ತಂಡದ ಒಡೆಯನೂ ಬೇರೆ ಬೇರೆ ತಂಡಗಳ ಕೆಲವು ಆಟಗಾರರೂ ಬಂಧಿತರಾದರು. ಲೀಗ್ ಅಲ್ಲಿಗೆ ನಿಂತಿತು. 2022ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಆ ಒಡೆಯನ ಮೇಲೂ ಕೆಲವು ಆಟಗಾರರ ಮೇಲೂ ಇದ್ದ ಮೊಕದ್ದಮೆಯನ್ನು ರದ್ದುಗೊಳಿಸಿತು. ತೀರ್ಪಿನ ತರ್ಕವನ್ನು ಇತಿಹಾಸದ ವಿದ್ಯಾರ್ಥಿಗಳು ಓದಬೇಕು. ಆಟವನ್ನು ಮೊದಲೇ ನಿಶ್ಚಯಿಸಿದರೆ ಆಟದ ಪ್ರೇಮಿಗಳಿಗೆ ಮೋಸವಾಯಿತೆಂಬ ಭಾವನೆ ಬರುವುದು ಸಹಜ; ಆದರೆ ಭಾವನೆಯಿಂದ ಅಪರಾಧ ಹುಟ್ಟುವುದಿಲ್ಲ. ಟಿಕೇಟು ಕೊಂಡವರು ತಾವಾಗಿಯೇ ಕೊಂಡರು, ಅವರನ್ನು ಯಾರೂ ಪುಸಲಾಯಿಸಿ ಹಣ ಕೀಳಲಿಲ್ಲ. ಆದ್ದರಿಂದ ದಂಡಸಂಹಿತೆಯ ವಂಚನೆಯ ಕಲಮು ಅನ್ವಯಿಸದು, ಶಿಸ್ತಿನ ಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು—ಸ್ಥೂಲವಾಗಿ ತೀರ್ಪಿನ ತಿರುಳು ಇದು. ರಾಜ್ಯ ಇದರ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು.

ಕಾನೂನಿನ ಸರಿತಪ್ಪು ನಮ್ಮ ವಿಷಯವಲ್ಲ. ಆದರೆ ಈ ತರ್ಕ ನಮ್ಮ ಪ್ರಶ್ನೆಯ ಮೇಲೆ ಬೀರುವ ಬೆಳಕು ದೊಡ್ಡದು. ಪ್ರೇಕ್ಷಕ ಕೊಟ್ಟದ್ದು ಟಿಕೇಟಿನ ಹಣ, ಪಡೆದದ್ದು ಒಂದು ಸಂಜೆಯ ನೋಟ. ಲೆಕ್ಕ ಚುಕ್ತಾ ಆಯಿತು. ಇದು ಸರಿಯಾದರೆ ಊರಿನ ಹೆಸರನ್ನು ಬಳಸಿಕೊಂಡದ್ದಕ್ಕೆ ಬೆಲೆಯೇ ಇಲ್ಲ. ಕ್ಲೀವ್‌ಲೆಂಡ್ ನಗರ ತಂಡದ ಚರಿತ್ರೆಯನ್ನು ತನ್ನ ಆಸ್ತಿಯೆಂದು ಹಿಡಿದು ನಿಂತಿತೆಂಬ ಮಾತನ್ನು ಮೇಲೆ ಹೇಳಿದ್ದೇವೆ. ಬೆಳಗಾವಿಯ ಹೆಸರು ಹೊತ್ತು 2017ರಲ್ಲಿ ರಾಜ್ಯದ ಪ್ರಶಸ್ತಿಯನ್ನು ಪಡೆದ ತಂಡ ಎರಡೇ ವರ್ಷಗಳಲ್ಲಿ ಇಲ್ಲವಾದಾಗ ತನ್ನ ಹೆಸರನ್ನಾಗಲಿ ಗೆಲುವನ್ನಾಗಲಿ ಬಿಡಿಸಿಕೊಳ್ಳಲು ಬೆಳಗಾವಿ ಯಾವ ಬಾಗಿಲನ್ನು ತಟ್ಟಬೇಕಿತ್ತು? ಬಾಗಿಲೇ ಇರಲಿಲ್ಲ. 2022ರ ಹೊಸ ಪಂದ್ಯಾವಳಿಯ ಆರು ತಂಡಗಳು ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿಗಳ ಹೆಸರಿನವು. ಬೆಳಗಾವಿ, ವಿಜಯಪುರ, ಬಳ್ಳಾರಿಗಳು ಕೈಬಿಟ್ಟುಹೋದವು. 2015ರಿಂದ 2018ರವರೆಗಿನ ನಾಲ್ಕೂ ಪ್ರಶಸ್ತಿಗಳನ್ನು ಗೆದ್ದ ಹೆಸರುಗಳು ಇವೇ ಮೂರೆಂಬುದನ್ನು ನೆನೆದರೆ ಗೆಲುವಿಗೂ ಉಳಿವಿಗೂ ನಂಟು ಎಷ್ಟು ತೆಳುವೆಂಬುದು ಗೊತ್ತಾಗುತ್ತದೆ.

ಒಡೆತನದ ತಂಡಗಳ ಮಾತನ್ನು ಇಷ್ಟು ಬೆಳೆಸಿದರೂ ಇಂಥ ಪಟ್ಟಿಯ ಮುಖ್ಯ ದೋಷ ಅವುಗಳನ್ನು ಅಳೆಯುವುದರಲ್ಲಿಲ್ಲ, ಬೇರೆಯವನ್ನು ಬಿಡುವುದರಲ್ಲಿದೆ. ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಹಿಂದೂಸ್ಥಾನ್ ಏರೋನಾಟಿಕ್ಸ್ ಮುಂತಾದ ಸರ್ಕಾರಿ ಕಾರ್ಖಾನೆಗಳ ಫುಟ್‌ಬಾಲ್ ತಂಡಗಳು ಊರಿನ ಹೆಸರನ್ನು ಹೊತ್ತಿರಲಿಲ್ಲ, ಕಾರ್ಖಾನೆಯ ಹೆಸರನ್ನು ಹೊತ್ತಿದ್ದವು. ಆಟಗಾರನಿಗೆ ಅಲ್ಲಿ ಹರಾಜಿನ ಬೆಲೆಯಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ತಿಂಗಳ ಸಂಬಳವಿತ್ತು, ಕಾಲು ಸೋತ ಮೇಲೂ ನೌಕರಿಯಿತ್ತು. ಆಟದಿಂದ ಬದುಕುವವನೇ ವೃತ್ತಿಪರನೆಂದಾದರೆ ಇವರಿಗಿಂತ ವೃತ್ತಿಪರರು ಯಾರು? ಏರೋನಾಟಿಕ್ಸ್ ತಂಡ 2011-12ರ ಐ-ಲೀಗಿನಲ್ಲಿ ಕೊನೆಯ ಸ್ಥಾನಕ್ಕಿಳಿದು ಕೆಳದರ್ಜೆಗೆ ಬಿತ್ತು. ಮರುವರ್ಷ, ಎಂದರೆ 2013ರಲ್ಲಿ, ಉಕ್ಕಿನ ಉದ್ಯಮದ ಮನೆತನವೊಂದು ಬೆಂಗಳೂರು ಎಫ್‌ಸಿ ಕಟ್ಟಿತು; ಆ ತಂಡ ಮೊದಲ ಋತುವಿನಲ್ಲಿಯೇ ಐ-ಲೀಗ್ ಗೆದ್ದಿತು. ಪತ್ರಿಕೆಗಳು ಇದನ್ನು ಬೆಂಗಳೂರಿಗೆ ಫುಟ್‌ಬಾಲ್ ಬಂದಂತೆಯೇ ವರ್ಣಿಸಿದವು. 1937, 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದು, ಅದನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತ್ತೆಂಬುದು, ಸಂತೋಷ್ ಟ್ರೋಫಿಯನ್ನು ಮೈಸೂರು ಹಲವು ಬಾರಿ ತಂದಿತ್ತೆಂಬುದು ಆ ವರ್ಣನೆಗಳಲ್ಲಿ ಸುಳಿಯಲಿಲ್ಲ. ಹಾಕಿಯಲ್ಲಿಯೂ ಪ್ರೀಮಿಯರ್ ಹಾಕಿ ಲೀಗ್ 2005ರಿಂದ 2008ರವರೆಗೆ, ವರ್ಲ್ಡ್ ಸೀರೀಸ್ ಹಾಕಿ 2012ರ ಒಂದೇ ಋತು. ಎರಡರಲ್ಲಿಯೂ ಬೆಂಗಳೂರಿನ ನೆಲೆಯ ತಂಡಗಳಿದ್ದವು, ಎರಡೂ ಹೋದವು. ಅವನ್ನು ಪಟ್ಟಿಗೆ ಸೇರಿಸುವುದು ಸುಲಭ. ಕಾರ್ಖಾನೆಯ ತಂಡದ ಕೊನೆಯ ದಿನವನ್ನು ಹುಡುಕುವುದೇ ಕಷ್ಟ, ಏಕೆಂದರೆ ಅಲ್ಲಿ ಮುಚ್ಚುವ ದಿನವೆಂಬುದಿಲ್ಲ. ಹೊಸ ನೇಮಕ ನಿಲ್ಲುತ್ತದೆ, ಹಳಬರು ನಿವೃತ್ತರಾಗುತ್ತಾರೆ, ಒಂದು ದಿನ ಹನ್ನೊಂದು ಜನ ಸೇರುವುದಿಲ್ಲ.

ಇನ್ನು ನಮ್ಮ ಸೀಮೆಯ ಸ್ವಂತದ ಆಟವಾದ ಕುಸ್ತಿ. ಇದನ್ನು ತಂಡದ ಆಟವಲ್ಲವೆಂದು ಹೊರಗಿಡುವವರಿದ್ದಾರೆ. ನಾವು ಒಪ್ಪಲಾರೆವು. ತಾಲೀಮು ಎಂದರೇನು? ವಸ್ತಾದನೊಬ್ಬನ ಕೈಕೆಳಗೆ ಹತ್ತಿಪ್ಪತ್ತು ಪೈಲವಾನರು ಒಂದೇ ಸೂರಿನಡಿಯಲ್ಲಿ ಮಲಗೆದ್ದು, ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ ಹದಮಾಡಿದ ಕೆಂಪು ಮಣ್ಣಿನಲ್ಲಿ ಬೆಳಗಿನ ಜಾವ ಕಾದಾಡಿ, ಆ ತಾಲೀಮಿನ ಹೆಸರಿನಲ್ಲಿ ಊರೂರ ಜಾತ್ರೆಗಳ ಕಣಕ್ಕಿಳಿಯುವ ವ್ಯವಸ್ಥೆ. ಹಾಲು, ತುಪ್ಪ, ಬಾದಾಮಿಯ ಖುರಾಕಿನ ಖರ್ಚನ್ನು ಹೊರುವವನು ಸಂಸ್ಥಾನಿಕನೋ ದೇಸಾಯಿಯೋ ಊರಿನ ಧಣಿಯೋ ಇರುತ್ತಿದ್ದ. ಆ ಖುರಾಕೇ ಸಂಬಳ. ಗೆದ್ದವನ ತಾಲೀಮಿಗೆ ಮಾನ. ಇದಕ್ಕಿಂತ ಹೆಚ್ಚಾಗಿ ತಂಡವೆಂಬುದಕ್ಕೆ ಏನು ಬೇಕು?

ಈ ವ್ಯವಸ್ಥೆಯ ಕೇಂದ್ರ ಕೊಲ್ಹಾಪುರ. 1894ರಿಂದ 1922ರವರೆಗೆ ಆಳಿದ ಶಾಹು ಮಹಾರಾಜರು ಅಲ್ಲಿ ಖಾಸಬಾಗದ ಕುಸ್ತಿ ಮೈದಾನವನ್ನು ಕಟ್ಟಿಸಿದರು. ದೂರದ ಪಂಜಾಬಿನ ಮಲ್ಲರೂ ಅಲ್ಲಿಗೆ ಬಂದರು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನದ್ದು. ಸುತ್ತಲೂ ಸಾಂಗಲಿ, ಮೀರಜ, ಜಮಖಂಡಿ, ಮುಧೋಳಗಳ ಸಂಸ್ಥಾನಗಳು. ನಡುವೆ ಅಥಣಿ, ಚಿಕ್ಕೋಡಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯವು. ಪೈಲವಾನ ಈ ಸರಹದ್ದುಗಳನ್ನು ಲೆಕ್ಕಿಸುತ್ತಿರಲಿಲ್ಲ. ಖುರಾಕು ಎಲ್ಲಿಯೋ ಅಲ್ಲಿಗೆ ಹೋಗುತ್ತಿದ್ದ. 1948ರ ಮಾರ್ಚಿನಲ್ಲಿ ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರ ಮಾರ್ಚಿನಲ್ಲಿ ಕೊಲ್ಹಾಪುರವೂ ವಿಲೀನವಾಯಿತು. ಆಸರೆಯ ಕೈ ಹೋಯಿತು. 1956ರ ನವೆಂಬರ್ 1ರಂದು ಚಂದಗಡ ತಾಲೂಕನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಊರು ಒಂದು ರಾಜ್ಯದಲ್ಲಿ, ತಾಲೀಮು ಇನ್ನೊಂದರಲ್ಲಿ ಎಂಬ ಸ್ಥಿತಿ ಆ ದಿನ ಹುಟ್ಟಿತು.

ಚಿಕ್ಕೋಡಿ ತಾಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆಯವರ ಬದುಕು ಇದಕ್ಕೆ ಸಾಕ್ಷಿ. ಅವರ ಊರು ಕನ್ನಡ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಅವರು ಸಾಧನೆ ಮಾಡಿದ್ದು ಕೊಲ್ಹಾಪುರದ ಶಾಹುಪುರಿ ತಾಲೀಮಿನಲ್ಲಿ. 1959ರಲ್ಲಿ ದೆಹಲಿಯ ಕಣದಲ್ಲಿ ಪಂಜಾಬಿನ ಬಂತಾಸಿಂಗನನ್ನು ಸೋಲಿಸಿ ಅವರು ಮೊಟ್ಟಮೊದಲ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ತೀರಿಕೊಂಡರು. ರಾಜ್ಯವಾರು ಪಟ್ಟಿಯಲ್ಲಿ ಅವರನ್ನು ಎಲ್ಲಿ ಕೂರಿಸುವುದು? ಹುಟ್ಟಿದ ನೆಲವನ್ನು ಹಿಡಿದರೆ ಕರ್ನಾಟಕ, ಬೆಳೆಸಿದ ಮಣ್ಣನ್ನು ಹಿಡಿದರೆ ಮಹಾರಾಷ್ಟ್ರ. ಯಕ್ಸಂಬಾದಿಂದ ಹೊರಟ ಅವರ ಪ್ರಯಾಣವನ್ನು ಕರ್ನಾಟಕದ ಪಟ್ಟಿ ವಲಸೆಯೆಂದು ಬರೆದುಕೊಳ್ಳಬಹುದೇ? ಅವರು ಹೋದಾಗ ದಾಟಲು ಇಂದಿನ ಗಡಿಯೇ ಇರಲಿಲ್ಲ. ಇಲ್ಲಿ ವಲಸೆ ಹೋದದ್ದು ಗಡಿ. ರಾಜ್ಯವೊಂದನ್ನು ಅಳತೆಗೋಲಾಗಿ ಹಿಡಿಯುವ ಅಮೆರಿಕದ ಕ್ರಮಕ್ಕೆ ಹೊಂದದೆ ಉಳಿಯುವುದು ಇದೇ ಅಂಶ. ಬ್ರೂಕ್ಲಿನ್ನಿನಿಂದ ಡಾಡ್ಜರ್ಸ್ ಹೊರಟಾಗ ನ್ಯೂಯಾರ್ಕ್ ರಾಜ್ಯದ ಎಲ್ಲೆ ಕದಲಿರಲಿಲ್ಲ.

ಊರಿಲ್ಲದ ವಲಸೆಗೂ ಈ ಸೀಮೆ ಸಾಕ್ಷಿಯಾಗಿದೆ. 2016ರಲ್ಲಿ ಮಹಾರಾಷ್ಟ್ರದಲ್ಲಿ ಬರಗಾಲ ಕಡುವಾಗಿತ್ತು. ಮೈದಾನದ ಹುಲ್ಲಿಗೆ ನೀರು ಸುರಿಯುವುದು ಸಲ್ಲದೆಂದು ಆ ಏಪ್ರಿಲಿನಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯ ಐಪಿಎಲ್ ಪಂದ್ಯಗಳನ್ನು ತಿಂಗಳ ಕೊನೆಯ ನಂತರ ರಾಜ್ಯದ ಹೊರಗೆ ಒಯ್ಯುವಂತೆ ಆಜ್ಞಾಪಿಸಿತು. ಪುಣೆಯ ಹೆಸರಿನ ತಂಡ ವಿಶಾಖಪಟ್ಟಣಕ್ಕೆ ಹೋಯಿತು, ಅಂತಿಮ ಪಂದ್ಯ ಮುಂಬಯಿಯಿಂದ ಬೆಂಗಳೂರಿಗೆ ಬಂತು. ಅದೇ ಏಪ್ರಿಲಿನಲ್ಲಿ ಕಾಗವಾಡದ ಆಚೆಯ ಮೀರಜ ನಿಲ್ದಾಣದಿಂದ ಲಾತೂರಿಗೆ ಕುಡಿಯುವ ನೀರಿನ ರೈಲು ಹೊರಟಿತು. ಮೊದಲ ಗಾಡಿಯಲ್ಲಿ ಹತ್ತು ಟ್ಯಾಂಕರುಗಳು, ಸುಮಾರು 5 ಲಕ್ಷ ಲೀಟರು. ಪುಣೆಯ ಆ ತಂಡ, ಅಮಾನತ್ತಿನಲ್ಲಿದ್ದ ಎರಡು ತಂಡಗಳ ಜಾಗ ತುಂಬಲೆಂದು ಬಂದ ಎರಡರಲ್ಲಿ ಒಂದು. ಎರಡು ವರ್ಷದ ಕರಾರಿನದು. 2017ರಲ್ಲಿ ಹೆಸರಿನ ಕೊನೆಯ ಬಹುವಚನವನ್ನು ಬಿಟ್ಟುಕೊಟ್ಟು, ಅಂತಿಮ ಪಂದ್ಯವನ್ನು ಒಂದೇ ಓಟದಿಂದ ಸೋತು, ಕರಾರಿನಂತೆ ಇಲ್ಲವಾಯಿತು. ಕಬಡ್ಡಿಯಲ್ಲಿಯೂ ಇಂಥದೇ ಒಂದು ಸಂಗತಿಯಿದೆ: ಬೆಂಗಳೂರು ಬುಲ್ಸ್ 2017ರಲ್ಲಿ ತನ್ನ 'ತವರಿನ' ಪಂದ್ಯಗಳನ್ನು ಆಡಿದ್ದು ನಾಗಪುರದಲ್ಲಿ, ಬೆಂಗಳೂರಿನಲ್ಲಿ ಅಂಕಣ ದೊರೆಯಲಿಲ್ಲವಾಗಿ. ತವರೆಂಬ ಮಾತಿಗೆ ನಾವು ಕೊಡುವ ಅರ್ಥವನ್ನು ವ್ಯವಸ್ಥಾಪಕರು ಕೊಡುವುದಿಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಐಪಿಎಲ್ ಗೆದ್ದ ತಂಡವನ್ನು ಕಾಣಲು ನೆರೆದ ಜನರಲ್ಲಿ ಹನ್ನೊಂದು ಮಂದಿ ಕಾಲ್ತುಳಿತದಲ್ಲಿ ಸತ್ತರು. ಆ ತಂಡದ ಆಟಗಾರರಲ್ಲಿ ನಗರದವರೆಷ್ಟು ಎಂದು ಆ ಜನರು ಲೆಕ್ಕ ಹಾಕಿರಲಿಲ್ಲ. ಹೆಸರು ಬರಿಯ ಸರಕಿನ ಗುರುತೆಂದು ಮೇಲೆ ನಾವು ಹೇಳಿದ ಮಾತನ್ನು ಈ ಘಟನೆ ಅರ್ಧದಷ್ಟು ಮಾತ್ರ ನಿಲ್ಲಗೊಡುತ್ತದೆ. ಮಾರುವವನಿಗೆ ಅದು ಗುರುತಿರಬಹುದು. ನಂಬುವವನಿಗೆ ಅದು ಊರೇ. ಹದಿನೆಂಟು ವರ್ಷ ಒಂದೇ ಊರಿನ ಹೆಸರಿನಲ್ಲಿ ನಿಂತ ತಂಡಕ್ಕೆ ಜನರ ಮನಸ್ಸಿನಲ್ಲಿ ಬೇರು ಇಳಿಯುತ್ತದೆ. ಒಂದು ಸಲವೂ ಊರಿಗೆ ಬರದೆ ಹೋದ ತಂಡಕ್ಕೆ ಇಳಿಯುವುದಿಲ್ಲ. ಆ ಬಳಿಕ ರಾಜ್ಯದ ಮಹಾರಾಜ ಟ್ರೋಫಿ ಪಂದ್ಯಗಳು ಬೆಂಗಳೂರನ್ನು ಬಿಟ್ಟು ಮೈಸೂರಿಗೆ ಹೋದವು.

ಆದ್ದರಿಂದ ಕರ್ನಾಟಕಕ್ಕೆ ಪಟ್ಟಿ ಮಾಡಹೊರಟವರು ಅಳಿದ ವರ್ಷದ ಅಂಕಣಕ್ಕೆ ಮೊದಲು ಎರಡು ಅಂಕಣಗಳನ್ನು ಹಾಕಿಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ: ಆ ತಂಡ ತನ್ನ ಹೆಸರಿನ ಊರಿನಲ್ಲಿ ಎಷ್ಟು ಬಾರಿ ಆಡಿತು, ಆಟಗಾರನ ಅನ್ನದ ಖರ್ಚನ್ನು ಯಾರು ಕೊಟ್ಟರು. ಒಡೆತನದ ತಂಡಗಳಿಗೆ ಇದರ ಉತ್ತರ ಪತ್ರಿಕೆಗಳ ಕಡತದಲ್ಲಿ ಸಿಕ್ಕುತ್ತದೆ. ತಾಲೀಮುಗಳ ವಿಷಯದಲ್ಲಿ ಹಾಗಿಲ್ಲ. ಜಾತ್ರೆಯ ಕುಸ್ತಿಗಳ ಹಸ್ತಪತ್ರಿಕೆಗಳು, ದೇವಸ್ಥಾನದ ಪಂಚರ ಲೆಕ್ಕದ ಪುಸ್ತಕಗಳು, ಗೆದ್ದವನಿಗೆ ಕೊಟ್ಟ ಬೆಳ್ಳಿಯ ಕಡಗ, ಗದೆ, ರುಮಾಲುಗಳ ನಮೂದು, ಧಣಿಗಳ ಮನೆಯ ಖುರಾಕಿನ ಚೀಟಿಗಳು ಇದ್ದರೆ ಅಥಣಿ, ರಾಯಬಾಗ, ಚಿಕ್ಕೋಡಿಗಳ ಮನೆಗಳ ಜಂತಿಯ ಮೇಲೆ ಇದ್ದಾವು. ಕೆಲವು ಕನ್ನಡದಲ್ಲಿ, ಕೆಲವು ಮೋಡಿಯಲ್ಲಿ. ಮೋಡಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕೃಷ್ಣೆಯ ಪ್ರವಾಹ 2005ರಲ್ಲಿಯೂ 2019ರಲ್ಲಿಯೂ ನದಿದಂಡೆಯ ಮನೆಗಳೊಳಕ್ಕೆ ನುಗ್ಗಿದ್ದರಿಂದ ಕಾಗದಗಳ ಪೈಕಿ ಎಷ್ಟು ಉಳಿದಿವೆಯೆಂಬುದನ್ನು ಮನೆಮನೆಗೆ ಹೋಗಿ ಕೇಳಿಯೇ ತಿಳಿಯಬೇಕು. ನದಿದಂಡೆಯ ಹಳ್ಳಿಗಳಿಂದ ಬರುವ ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಬೇಸಿಗೆಯ ರಜೆಯಲ್ಲಿ ತಮ್ಮ ಊರಿನಿಂದಲೇ ಇದನ್ನು ಆರಂಭಿಸಬಹುದು.